ಗಣಿ ಶಾಫ್ಟ್‌ನಲ್ಲಿ ಕೇಜ್ ಗೋಡೆಗೆ ಬಡಿಯದಂತೆ ಹಿಡಿದಿಡೋದು ಯಾವುದು?

ಲಿಂಗಸುಗೂರು: ನಮ್ಮ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇರೋದರಿಂದ ‘ಶಾಫ್ಟ್’, ‘ಕೇಜ್’, ‘ಸ್ಕಿಪ್’ ಅನ್ನೋ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಕೇಜ್‌ನಲ್ಲಿ ಮಂದಿ ಇಳೀತಾರೆ, ಸ್ಕಿಪ್‌ನಲ್ಲಿ ಅದಿರು ಮೇಲೆ ಬರುತ್ತೆ. ಇವು ನೇರವಾಗಿ ಓಡೋದು ಹೇಗೆ ಅನ್ನೋದರ ಮಾಹಿತಿ ಇಲ್ಲಿದೆ.

ಗೈಡ್ ಯಾಕೆ ಬೇಕು?

ಬಾವಿಗೆ ಬಿಟ್ಟ ಕೊಡ ಹಗ್ಗದ ತುದಿಯಲ್ಲಿ ತಿರುಗುತ್ತೆ, ಗೋಡೆಗೆ ಬಡಿಯುತ್ತೆ. ನೂರಾರು ಮೀಟರ್ ಆಳದ ಶಾಫ್ಟ್‌ನಲ್ಲಿ ಕೇಜ್ ಹಾಗೆ ಓಲಾಡಿದರೆ ಗತಿಯೇನು? ಸಾಮಾನ್ಯವಾಗಿ ಒಂದು ಇಳಿಯುವಾಗ ಇನ್ನೊಂದು ಏರುತ್ತೆ. ನಡುದಾರಿಯಲ್ಲಿ ಎರಡೂ ಎದುರುಬದುರು ಹಾದು ಹೋಗುವಾಗ ಒಂದಕ್ಕೊಂದು ತಾಗಬಾರದು. ಭಾರ ಎಳೆಯೋದು ಮೇಲಿನ ಉಕ್ಕಿನ ರೋಪ್, ದಾರಿ ತಪ್ಪದಂತೆ ಹಿಡಿಯೋದು ಗೈಡ್. ಅಂಗಡಿಯ ಶಟರ್ ಎರಡೂ ಬದಿಯ ಪಟ್ಟಿಯೊಳಗೆ ಓಡುತ್ತಲ್ಲ, ಹಾಗೆ.

ಎರಡು ಬಗೆ

1. ಗಟ್ಟಿ ಗೈಡ್: ಶಾಫ್ಟ್‌ಗೆ ಅಡ್ಡಲಾಗಿ ತೊಲೆಗಳನ್ನು ಕೂರಿಸಿ, ಅವಕ್ಕೆ ಮೇಲಿಂದ ಕೆಳತನಕ ಮರದ ಅಥವಾ ಉಕ್ಕಿನ ಪಟ್ಟಿ ಬಿಗಿಯುತ್ತಾರೆ. ಕೇಜ್‌ಗೆ ಹಾಕಿದ ‘ಶೂ’ ಈ ಪಟ್ಟಿಯನ್ನು ಹಿಡಿದು ಜಾರುತ್ತೆ. ವೇಗ ಹೆಚ್ಚಿರುವ ಕಡೆ ರಬ್ಬರ್ ಹೊದಿಸಿದ ರೋಲರ್‌ಗಳೂ ಇರುತ್ತವೆ: ಪಟ್ಟಿಯ ಮುಂದೆ ಒಂದು, ಎರಡು ಪಕ್ಕಕ್ಕೆ ಒಂದೊಂದು. ಹಿಂದಿನ ಸ್ಪ್ರಿಂಗ್ ಸಣ್ಣಪುಟ್ಟ ಧಕ್ಕೆ ನುಂಗುತ್ತೆ. ಹಲವು ಲೆವೆಲ್‌ಗಳಲ್ಲಿ ಮಂದಿ ಹತ್ತಿ ಇಳಿಯೋ ಶಾಫ್ಟ್‌ಗೆ ಇದು ಅನುಕೂಲ.

2. ರೋಪ್ ಗೈಡ್: ಮೇಲಿನ ಹೆಡ್‌ಗೇರ್‌ನಿಂದ ಉಕ್ಕಿನ ರೋಪ್‌ಗಳನ್ನು ಇಳಿಬಿಟ್ಟು, ಶಾಫ್ಟ್ ತಳದಲ್ಲಿ ಭಾರೀ ತೂಕ ಕಟ್ಟಿ ಬಿಗಿ ಮಾಡುತ್ತಾರೆ. ಎಲ್ಲ ರೋಪ್ ಒಂದೇ ತಾಳಕ್ಕೆ ಓಲಾಡಬಾರದು ಅಂತ ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಇಡುತ್ತಾರೆ. ಅಡ್ಡ ತೊಲೆ ಬೇಡ, ಓಟ ನುಣುಪು. ಆದರೆ ಕೇಜ್ ಸ್ವಲ್ಪ ಓಲಾಡೋದರಿಂದ ಜಾಗ ಹೆಚ್ಚು ಬಿಡಬೇಕು, ನಿಲ್ಲುವ ಕಡೆ ಗಟ್ಟಿಯಾಗಿ ಹಿಡಿಯುವ ವ್ಯವಸ್ಥೆಯೂ ಬೇಕು.

ಕೆಡೋದು ಎಲ್ಲಿ?

ಎರಡು ಪಟ್ಟಿ ಕೂಡುವ ಜಾಗದಲ್ಲಿ ಕೆಲವೇ ಮಿಲಿಮೀಟರ್ ಏರುಪೇರಾದರೂ ವೇಗದಲ್ಲಿ ದೊಡ್ಡ ಕುಲುಕಾಟ. ಆ ಪೆಟ್ಟಿಗೆ ಬೋಲ್ಟ್ ಸಡಿಲ, ಬೋಲ್ಟ್ ಸಡಿಲಾದರೆ ಪೆಟ್ಟು ಇನ್ನೂ ಜೋರು. ಇದರ ಜೊತೆಗೆ ಸೋರುವ ನೀರಿಗೆ ಉಕ್ಕು ತುಕ್ಕು ಹಿಡಿಯುತ್ತೆ, ಮರ ಕೊಳೆಯುತ್ತೆ. ಸ್ಕಿಪ್‌ನಿಂದ ಉದುರಿದ ಕಲ್ಲು ಪಟ್ಟಿಗೆ ಬಡಿಯುತ್ತೆ. ಬಂಡೆಯ ಒತ್ತಡಕ್ಕೆ ಶಾಫ್ಟ್ ಸ್ವಲ್ಪ ಸರಿದರೂ ಗೈಡ್ ಸೊಟ್ಟಗಾಗುತ್ತೆ. 2001ರಲ್ಲಿ ಮುಚ್ಚಿದ ಕೆಜಿಎಫ್‌ನಲ್ಲಿ 3 ಕಿ.ಮೀ.ಗೂ ಮೀರಿದ ಆಳದಲ್ಲಿ ಕೆಲಸ ನಡೀತಿತ್ತು. ಬಂಡೆ ಸಿಡಿಯೋದು ಅಲ್ಲಿನ ದೊಡ್ಡ ಕಾಟವಾಗಿತ್ತು.

ರೋಪ್ ತುಂಡಾದರೆ?

ಮರದ ಗೈಡ್ ಇರುವ ಕೇಜ್‌ಗೆ ಹಲ್ಲಿನ ಹಿಡಿಕೆ ಹಾಕಿರುತ್ತಾರೆ. ರೋಪ್ ಸಡಿಲಾದ ಕೂಡಲೇ ಸ್ಪ್ರಿಂಗ್ ಬಿಚ್ಚಿ, ಹಲ್ಲು ಮರಕ್ಕೆ ಕಚ್ಚಿ ಕೇಜ್ ನಿಲ್ಲಬೇಕು. ಗೈಡ್ ಕೊಳೆತಿದ್ದರೆ ಆ ಹಲ್ಲಿಗೆ ಹಿಡಿತ ಎಲ್ಲಿಂದ ಬರಬೇಕು? 2024ರ ಮೇ 14ರಂದು ರಾಜಸ್ಥಾನದ ಕೋಲಿಹಾನ್ ತಾಮ್ರದ ಗಣಿಯಲ್ಲಿ ಕೇಜ್ ಕುಸಿದು 15 ಮಂದಿ ಸಿಲುಕಿದ್ದರು. 14 ಮಂದಿ ಬದುಕಿ ಬಂದರು, ಒಬ್ಬರು ತೀರಿಕೊಂಡರು.

ಕಾರ್ಮಿಕರು ಗಮನಿಸಿ

ಶಾಫ್ಟ್ ತಪಾಸಣೆ ಮಾಡುವವರು ಕೇಜ್ ಅನ್ನು ನಿಧಾನವಾಗಿ ಇಳಿಸುತ್ತಾ ಕಣ್ಣಲ್ಲಿ ನೋಡಿ, ಬೋಲ್ಟ್ ತಟ್ಟಿ, ಶೂ ಎಷ್ಟು ಸವೆದಿದೆ ಅಂತ ಅಳೆಯುತ್ತಾರೆ. ಆದರೆ ದಿನಾ ಹತ್ತಿ ಇಳಿಯೋರು ನೀವು. ದಿನಾ ಅದೇ ಜಾಗದಲ್ಲಿ ಕೇಜ್ ಕುಲುಕಿದರೆ, ಹೊಸ ಸದ್ದು ಬಂದರೆ ‘ಇದು ಮಾಮೂಲು’ ಅಂತ ಬಿಡಬೇಡಿ. ಯಾವ ಲೆವೆಲ್ ಹತ್ತಿರ, ಇಳಿಯುವಾಗಲೋ ಏರುವಾಗಲೋ ಅಂತ ಬ್ಯಾಂಕ್ಸ್‌ಮನ್‌ಗೋ ಮೇಲ್ವಿಚಾರಕರಿಗೋ ಅವತ್ತೇ ಹೇಳಿ. ಸೊಟ್ಟಗಾದ ಶಟರ್ ಸಿಕ್ಕಿಕೊಂಡರೆ ಒಂದು ದಿನದ ವ್ಯಾಪಾರ ಹೋಗುತ್ತೆ. ಶಾಫ್ಟ್‌ನಲ್ಲಿ ಹೋಗೋದು ಜೀವ.