ಅಯಾನು ಧಾರೆಯ ಒಳಜಗಳ

ಕೂಡಿ ನಡೆಯಬೇಕಾದವರೇ ಒಬ್ಬರನ್ನೊಬ್ಬರು ತಳ್ಳಾಡಿದರೆ ಮೆರವಣಿಗೆ ಮುಂದೆ ಸಾಗೀತೆ? ಅಯಾನುಗಳ ಪಾಡೂ ಇದೇ. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವಿಗೆ ಧನವಿದ್ಯುತ್ತು ಬರುತ್ತದೆ. ಅದನ್ನೇ ಅಯಾನು ಎನ್ನುವುದು. ಒಂದೇ ಬಗೆಯ ವಿದ್ಯುತ್ತುಳ್ಳ ಕಣಗಳು ಪರಸ್ಪರ ದೂಡುತ್ತವೆ. ಧಾರೆ ತೆಳುವಾಗಿರುವಾಗ ಇದು ಲೆಕ್ಕಕ್ಕಿಲ್ಲ. ದಟ್ಟವಾಯಿತೆಂದರೆ ಧಾರೆ ತಾನಾಗಿ ಅಗಲಿಸಿ ಚೆದುರಿಹೋಗುತ್ತದೆ.

1941ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಯುರೇನಿಯಂ ಅಯಾನುಗಳ ಧಾರೆಯನ್ನು ಅಯಸ್ಕಾಂತದಿಂದ ಬಾಗಿಸಿ, ಹಗುರವಾದ ಯುರೇನಿಯಂ-235ನ್ನು ಬೇರ್ಪಡಿಸಲು ಹೊರಟರು. ಧಾರೆ ಚೆದುರದೆ ಉಳಿಯದೆಂಬುದೇ ಅಂದು ಕೇಳಿಬಂದ ದೊಡ್ಡ ಆಕ್ಷೇಪ. ಆದರೆ ಯಂತ್ರದ ತೊಟ್ಟಿಯಲ್ಲಿ ಅಳಿದುಳಿದಿದ್ದ ವಿರಳ ಅನಿಲವೇ ನೆರವಿಗೆ ಬಂದಿತು. ಅಯಾನುಗಳು ಅನಿಲದ ಅಣುಗಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಬಿಡಿಸಿದುವು. ಆ ಋಣಕಣಗಳು ಧಾರೆಯೊಳಗೇ ನೆಲೆಸಿ, ಅಯಾನುಗಳ ಪರಸ್ಪರ ದೂಡಾಟವನ್ನು ಬಹುಮಟ್ಟಿಗೆ ಅಡಗಿಸಿದುವು. ಪಂಪುಗಳು ಕಸವೆಂದು ಹೊರಹಾಕುತ್ತಿದ್ದ ಅನಿಲವೇ ಮದ್ದಾಯಿತು. ಮದ್ದಿಗೂ ಮಿತಿಯುಂಟು: ಅನಿಲ ಹೆಚ್ಚಾದರೆ ಅದಕ್ಕೆ ಡಿಕ್ಕಿ ಹೊಡೆದೇ ಧಾರೆ ಕೆಡುತ್ತದೆ.

1942ರ ಜನವರಿಯಲ್ಲಿ ದೊರೆತದ್ದು ಗ್ರಾಮಿನ ಹತ್ತುಲಕ್ಷದಲ್ಲಿ 18 ಪಾಲು ಮಾತ್ರ. ಬಳಿಕ ಓಕ್ ರಿಜ್‌ನಲ್ಲಿ ಇಂಥ ಯಂತ್ರಗಳ ಕಾರ್ಖಾನೆಯೇ ಎದ್ದಿತು. ಅಲ್ಲಿ ಬೇರ್ಪಡಿಸಿದ ಯುರೇನಿಯಂ 1945ರ ಆಗಸ್ಟ್ 6ರಂದು ಹಿರೋಷಿಮಾವನ್ನು ಸುಟ್ಟಿತು. ಕಣಗಳ ಜಗಳವನ್ನು ಶಮನಗೊಳಿಸಿದ ಜಾಣ್ಮೆ ಮನುಷ್ಯರ ಜಗಳಕ್ಕೆ ಆಯುಧವಾಯಿತು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಬರ್ಕ್ಲಿಯಲ್ಲಿ ಲೂಯಿ ಆಲ್ವಾರೆಜ್ 40 ಅಡಿ ಉದ್ದದ ಸರಳರೇಖಾ ವೇಗೋತ್ಕರ್ಷಕವನ್ನು ನಡೆಸಿದರು. ಪ್ರೋಟಾನುಗಳು ಅದರಲ್ಲಿ 320 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಪಡೆದುವು. ಇಂಥ ಯಂತ್ರದೊಳಗೆ ಹಳೆಯ ಮದ್ದು ನಾಟುವುದಿಲ್ಲ. ಅಯಾನುಗಳನ್ನು ಮುಂದಕ್ಕೆ ಒಯ್ಯುವ ವಿದ್ಯುತ್‌ಕ್ಷೇತ್ರವೇ ಹಗುರವಾದ ಎಲೆಕ್ಟ್ರಾನುಗಳನ್ನು ಗುಡಿಸಿಹಾಕುತ್ತದೆ. ಅನಿಲದ ಉಪಚಾರವೇನಿದ್ದರೂ ಯಂತ್ರದ ಹೊಸಿಲಿನ ಹೊರಗೆ.

ಒಳಗಿನ ಉಪಾಯ ಬೇರೆಯಾಗಬೇಕಾಯಿತು. 1952ರಲ್ಲಿ ಬ್ರೂಕ್‌ಹೇವನ್ನಿನ ಕೂರಂಟ್, ಲಿವಿಂಗ್‌ಸ್ಟನ್, ಸ್ನೈಡರ್ ಇವರು ಒಂದು ಮಾರ್ಗವನ್ನು ಪ್ರಕಟಿಸಿದರು: ಒಂದು ದಿಕ್ಕಿನಲ್ಲಿ ಒತ್ತಿ ಇನ್ನೊಂದರಲ್ಲಿ ಹರಡುವ ಅಯಸ್ಕಾಂತಗಳನ್ನು ಅದಲುಬದಲಾಗಿ ಇಟ್ಟರೆ, ಒಟ್ಟಿನಲ್ಲಿ ಧಾರೆ ಕೂಡಿಕೊಂಡೇ ಇರುತ್ತದೆ. ಆದರೂ ನಿಧಾನವಾಗಿ ಹೊರಡುವ ಅಯಾನುಗಳ ಮೇಲೆ ಅಯಸ್ಕಾಂತದ ಹಿಡಿತ ಸಡಿಲ. ಆ ಕೊರತೆಯನ್ನು ತುಂಬಿದವರು ರಷ್ಯದ ಕಪ್ಚಿನ್‌ಸ್ಕಿ ಮತ್ತು ಟೆಪ್ಲ್ಯಾಕೊವ್. 1970ರ ಸುಮಾರಿಗೆ ಅವರು ಸೂಚಿಸಿದ ಸಾಧನದಲ್ಲಿ, ಅಂಚನ್ನು ಅಲೆಯಂತೆ ಕೊರೆದ ನಾಲ್ಕು ಲೋಹದ ತಗಡುಗಳ ನಡುವಣ ರೇಡಿಯೋ ಕಂಪನದ ವಿದ್ಯುತ್‌ಕ್ಷೇತ್ರವೊಂದೇ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಂದಕ್ಕೂ ಒಯ್ಯುತ್ತದೆ.

ಈ ಎರಡು ಉಪಾಯಗಳನ್ನೂ ಅಳವಡಿಸಿದ ಒಂದು ದೊಡ್ಡ ಯಂತ್ರ 2006ರಿಂದ ಅದೇ ಓಕ್ ರಿಜ್‌ನಲ್ಲಿ ನಡೆಯುತ್ತಿದೆ. ಅದರ ಧಾರೆ ಪಾದರಸಕ್ಕೆ ಬಡಿದು ನ್ಯೂಟ್ರಾನುಗಳನ್ನು ಚಿಮ್ಮಿಸುತ್ತದೆ. ವಸ್ತುಗಳ ಒಳರಚನೆಯನ್ನು ಅರಿಯಲು ವಿಜ್ಞಾನಿಗಳು ಅವನ್ನು ಬಳಸುತ್ತಾರೆ. ಧಾರೆಯನ್ನು ಕೂಡಿಸಿ ನಡೆಸುವ ವಿದ್ಯೆ ಕೈಗೂಡಿದೆ. ಎಲ್ಲಿಗೆ ನಡೆಸಬೇಕೆಂಬುದನ್ನು ಮಾತ್ರ ಯಂತ್ರ ಹೇಳಿಕೊಡಲಾರದು.