ಅರಿವಳಿದರೂ ಎಚ್ಚರವಿರುವ ದೇಹ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಸೇನಾ ಆಸ್ಪತ್ರೆಗಳಿದ್ದವು. ಸಂಜೆಯ ತಿರುಗಾಟದಲ್ಲಿ ಅಲ್ಲಿ ಮಲಗಿದ್ದ ಗಾಯಾಳುಗಳ ಯೋಚನೆ ನನಗೆ ಬರುವುದುಂಟು. ಶಸ್ತ್ರಕ್ರಿಯೆ ಯಶಸ್ವಿಯಾಗಿ ಗಾಯ ಮಾಯುತ್ತಿರುವಾಗಲೂ ರೋಗಿಯ ಮೈ ಏಕೆ ಇಳಿದುಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆ ಸ್ವಾರಸ್ಯವಾದ ಚರಿತ್ರೆ.

ಶಸ್ತ್ರಕ್ರಿಯೆಗೆ ಮೊದಲು ರೋಗಿಗೆ ಊಟವನ್ನೂ, ನೋವು ತಿಳಿಯದಿರಲೆಂದು ಮದ್ಯವನ್ನೂ ಕೊಡಬೇಕೆಂಬುದು ಸುಶ್ರುತನ ಮತ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಈಥರಿನ ಪ್ರಭಾವವನ್ನು ಎಲ್ಲರೆದುರು ತೋರಿಸಿದನು. ಮರುವರ್ಷವೇ ಅದು ಕಲ್ಕತ್ತೆಯನ್ನು ತಲಪಿತು. ಇದಕ್ಕೆ ಕನ್ನಡದಲ್ಲಿ 'ಅರಿವಳಿಕೆ' ಎಂಬ ಸೊಗಸಾದ ಮಾತಿದೆ. ಆದರೆ ಅಳಿಯುವುದು ಮನಸ್ಸಿನ ಅರಿವು. ದೇಹದ ಅರಿವು ಪೂರ್ತಿಯಾಗಿ ಅಳಿಯುವುದಿಲ್ಲ.

ಮಂಪರು ಕವಿದೊಡನೆ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಹೊರಮೈಗೆ ಹರಿದು, ಮೊದಲ ಗಂಟೆಯಲ್ಲೇ ಮೈಬಿಸಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಚಯಾಪಚಯ ಕ್ರಿಯೆಯೂ ಮಂದವಾಗುತ್ತದೆ. ಆದರೂ ಶಸ್ತ್ರ ತಾಗಿದ ಸುದ್ದಿಯನ್ನು ನರಗಳು ಒಯ್ಯುತ್ತಲೇ ಇರುತ್ತವೆ. ಅಡ್ರಿನಲಿನ್, ಕಾರ್ಟಿಸೋಲ್‌ಗಳು ಹೆಚ್ಚುತ್ತವೆ; ಇನ್ಸುಲಿನ್ನಿನ ಹಿಡಿತ ಸಡಿಲಗೊಳ್ಳುತ್ತದೆ; ಉಪವಾಸವಿದ್ದವನ ರಕ್ತದಲ್ಲೂ ಸಕ್ಕರೆ ಏರುತ್ತದೆ.

ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ ಎಲುಬು ಮುರಿದವರ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿ ಸಾರಜನಕ ವಿಪರೀತವಾಗಿ ಹೋಗುತ್ತಿರುವುದನ್ನು 1932ರಲ್ಲಿ ವರದಿ ಮಾಡಿದರು. ಗಾಯದ ಭಾಗವೊಂದರಿಂದಲೇ ಅಷ್ಟು ಹೋಗಲಾರದು. ಇಡೀ ದೇಹದ ಸ್ನಾಯುಗಳೇ ಕರಗುತ್ತಿದ್ದವು. 1942ರಲ್ಲಿ, ಯುದ್ಧದ ನಡುವೆಯೇ, ಅವರು ಇದನ್ನು ಕಡಲಿನ ಇಳಿತ ಉಬ್ಬರಗಳ ಮಾತಿನಲ್ಲಿ ವಿವರಿಸಿದರು. ಮೊದಲು ದೇಹದ ಒಲೆ ತಗ್ಗುತ್ತದೆ. ಆಮೇಲೆ ಭುಗಿಲೆದ್ದು, ಸೌದೆ ಸಾಲದೆ ಮನೆಯ ತೊಲೆಗಳನ್ನೇ ಉರಿಸುತ್ತದೆ.

ನಮ್ಮ ತಂದೆಯವರಿಗೆ ಹೊಟ್ಟೆಯ ಶಸ್ತ್ರಕ್ರಿಯೆಯಾದಾಗ ನಾವು ಪಥ್ಯವೆಂದು ವಾರಗಟ್ಟಲೆ ತಿಳಿಗಂಜಿಯನ್ನೇ ಕೊಟ್ಟೆವು. ವೈದ್ಯರು ಹೇಳಿದ್ದಲ್ಲ, ನಮ್ಮ ಅಕ್ಕರೆಯೇ ಹೇಳಿದ್ದು. ಮೂರನೆಯ ವಾರ ಅವರ ಕೈಯಿಂದ ನೀರಿನ ಲೋಟ ಜಾರಿತು. ನಾವು ವಯಸ್ಸನ್ನು ದೂರಿದೆವು.

ಇಂದು ಸಾಮಾನ್ಯವಾಗಿ ಶಸ್ತ್ರಕ್ರಿಯೆಗೆ 2 ಗಂಟೆ ಮೊದಲಿನವರೆಗೂ ನೀರು ಕುಡಿಯಗೊಡುತ್ತಾರೆ, ಮೈಯನ್ನು ಬೆಚ್ಚಗಿಡುತ್ತಾರೆ, ಬೇಗನೆ ಉಣಿಸಿ ನಡೆಸುತ್ತಾರೆ. ಪಥ್ಯದ ಮಾತನ್ನು ವೈದ್ಯರನ್ನೇ ಕೇಳುವುದು ಲೇಸು. ಅಂದು ಕೇಳಿದ್ದರೆ, ಆ ಗಂಜಿಯ ಪಕ್ಕದಲ್ಲಿ ಒಂದು ಬಟ್ಟಲು ತೊವ್ವೆಯನ್ನಾದರೂ ಇಡುತ್ತಿದ್ದೆವು.