ತೇಲುತ್ತಿರುವ ದೋಣಿಯ ಸ್ಪೀಡ್ ಸೆನ್ಸರ್ ತೆಗೆದರೆ ದೋಣಿ ಮುಳುಗುತ್ತದೆಯೇ?

ಇಲ್ಲ, ರಂಧ್ರ ಮುಚ್ಚುವ ಪ್ಲಗ್ ಕೈಯಲ್ಲೇ ಇದ್ದರೆ. ಹಾಯಿದೋಣಿಗಳ ತಳದ ರಂಧ್ರದಲ್ಲಿ ಕೂರುವ ಈ ಸೆನ್ಸರ್‌ನ ಪುಟ್ಟ ಚಕ್ರ, ನೀರಿನ ಹರಿವಿಗೆ ತಿರುಗಿ ವೇಗ ಅಳೆಯುತ್ತದೆ. ಪಾಚಿ, ಚಿಪ್ಪುಜೀವಿಗಳು ಅಂಟಿದರೆ ಚಕ್ರ ನಿಲ್ಲುತ್ತದೆ. ಆಗ ಅದನ್ನು ದೋಣಿಯ ಒಳಗಿನಿಂದಲೇ ಎಳೆದು ಸ್ವಚ್ಛಗೊಳಿಸುತ್ತಾರೆ.

ಅಪಾಯ ಎಷ್ಟು? ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿರುವ 50 ಮಿ.ಮೀ. ರಂಧ್ರ ತೆರೆದೇ ಇದ್ದರೆ ನಿಮಿಷಕ್ಕೆ ಸುಮಾರು 200 ಲೀಟರ್ ನೀರು ನುಗ್ಗುತ್ತದೆ. ಮೂರು ಸೆಕೆಂಡಿನೊಳಗೆ ಮುಚ್ಚಿದರೆ ಒಳಬರುವುದು ಒಂದು ಬಕೆಟ್‌ನಷ್ಟು ಮಾತ್ರ.

ಹೇಗೆ? ಮೊದಲು ಪ್ಲಗ್‌ನ ರಬ್ಬರ್ ರಿಂಗ್ ಪರೀಕ್ಷಿಸಿ. ಲಾಕ್ ಬಿಡಿಸಿ, ಒಂದು ಕೈಯಿಂದ ಸೆನ್ಸರ್ ಎಳೆದ ಕೂಡಲೇ ಇನ್ನೊಂದು ಕೈಯಿಂದ ಪ್ಲಗ್ ಒತ್ತಿ, ಲಾಕ್ ಮಾಡಿ.

ನೆನಪಿಡಿ: ತಳಕ್ಕೆ ಕಾಯಂ ಆಗಿ ಅಂಟಿಸಿದ ಸೆನ್ಸರ್ ಆಗಿದ್ದರೆ ದೋಣಿ ನೀರಿನಲ್ಲಿರುವಾಗ ಕೈ ಹಾಕಲೇಬೇಡಿ.